ಅಲ್ಪವೆಚ್ಚದ ಗೋಸುಂಬೆ ಗೃಹಶಾಸ್ತ್ರ

ಸಾಕು ಗೋಸುಂಬೆಗೆ ಕಡಿಮೆ ಖರ್ಚಿನಲ್ಲಿ ಸರಿಯಾದ ಮನೆ ಮಾಡಿಕೊಡುವ ವಿದ್ಯೆಗೆ ಗೋಸುಂಬೆ ಗೃಹಶಾಸ್ತ್ರವೆಂದು ಹೆಸರು. ಪ್ರಾಣಿ ಅಗ್ಗ, ಮನೆ ದುಬಾರಿ ಎಂಬುದು ಇದರ ಆದಿಸೂತ್ರ. ಅಂಗಡಿಯಿಂದ ಮರಿ ತಂದು, ಅದರ ಬೆಲೆಯನ್ನು ಮೀರಿಸುವ ಹಣವನ್ನು ಪಂಜರಕ್ಕೂ ದೀಪಕ್ಕೂ ಸುರಿದ ಮೇಲೆ ಶಾಸ್ತ್ರಾಧ್ಯಯನಕ್ಕೆ ಕೂರುವುದು ಶಿಷ್ಯರ ವಾಡಿಕೆ.

ಎಲ್ಲ ಶಾಸ್ತ್ರಗಳಂತೆ ಇಲ್ಲೂ ಮೊದಲು ಅಧಿಕಾರ ನಿರ್ಣಯವಾಗಬೇಕು. ಕರ್ನಾಟಕದ ಬೇಲಿಸಾಲು, ಕುರುಚಲು ಕಾಡುಗಳಲ್ಲಿ ಕಾಣುವ ಭಾರತೀಯ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅದನ್ನು ಹಿಡಿದು ತಂದರೆ ಮುಂದಿನ ವಸತಿ ವ್ಯವಸ್ಥೆಯನ್ನು ಸರ್ಕಾರವೇ ವಹಿಸಿಕೊಳ್ಳಬಹುದು, ಗೋಸುಂಬೆಯದಲ್ಲ, ತಂದವನದು. ಹೀಗಾಗಿ ಶಾಸ್ತ್ರದ ವ್ಯಾಪ್ತಿ ಮುಖ್ಯವಾಗಿ ಅಮೆರಿಕ, ಯುರೋಪುಗಳ ಬಾಡಿಗೆ ಮನೆಗಳಿಗೆ ಸೀಮಿತ. ಅಲ್ಲಿ ಹೆಚ್ಚಾಗಿ ಸಾಕುವುದು ಯೆಮನ್ ಮತ್ತು ನೈಋತ್ಯ ಸೌದಿ ಅರೇಬಿಯಾ ಮೂಲದ, ತಲೆಯ ಮೇಲೆ ಎತ್ತರದ ಶಿಖೆಯುಳ್ಳ ವೇಲ್ಡ್ ಕಮೀಲಿಯನ್ ಎಂಬ ಜಾತಿಯನ್ನು.

ಜಗತ್ತಿನಲ್ಲಿ ಗೋಸುಂಬೆಯ 200ಕ್ಕೂ ಹೆಚ್ಚು ಪ್ರಭೇದಗಳಿರುವಾಗ ಇದೇ ಏಕೆ ಎಂದು ಜಿಪುಣಪಂಥದವರು ಪ್ರಶ್ನಿಸುತ್ತಾರೆ. 2021ರಲ್ಲಿ ಮಡಗಾಸ್ಕರಿನಿಂದ ವರದಿಯಾದ ಬ್ರೂಕೇಸಿಯಾ ನಾನಾದ ಗಂಡು, ಬಾಲ ಬಿಟ್ಟರೆ 13.5 ಮಿಲಿಮೀಟರ್ ಉದ್ದ. ಬೆಂಕಿಪೊಟ್ಟಣವೇ ಅದಕ್ಕೆ ಬಂಗಲೆ ಎಂಬುದು ಅವರ ವಾದ. ಅದೇ ದ್ವೀಪದ ಲಾಬೋರ್ಡ್ ಗೋಸುಂಬೆ ಎಂಟೊಂಬತ್ತು ತಿಂಗಳು ಮೊಟ್ಟೆಯಲ್ಲೇ ಕಳೆದು, ಹೊರಬಂದ ನಾಲ್ಕೈದು ತಿಂಗಳಿಗೆ ತೀರಿಕೊಳ್ಳುವುದರಿಂದ ಬಾಡಿಗೆ ಕರಾರನ್ನೂ ಬರೆಸಬೇಕಾಗಿಲ್ಲವಂತೆ. ಸಿದ್ಧಾಂತಿಗಳು ಇದನ್ನು ಒಪ್ಪುವುದಿಲ್ಲ. ಮೊದಲನೆಯದನ್ನು ಹೆಸರಿಸಿದಾಗ ವಿಜ್ಞಾನಿಗಳ ಕೈಗೆ ಸಿಕ್ಕಿದ್ದೇ ಒಂದು ಗಂಡು, ಒಂದು ಹೆಣ್ಣು. ಎರಡನೆಯದು ಸತ್ತ ಮೇಲೆ ಖಾಲಿ ಪಂಜರ ನೋಡಿ ಮಾಲೀಕ ಇನ್ನೊಂದನ್ನು ತರುತ್ತಾನೆ, ಉಳಿತಾಯ ಅಲ್ಲಿಗೇ ಮುಗಿಯಿತು.

ಗೃಹಪ್ರಮಾಣದಲ್ಲಿ ಪೂರ್ವಪಕ್ಷ ಹೀಗಿದೆ: ಅಟ್ಟದ ಮೇಲೆ ಹಳೆಯ ಮೀನಿನ ತೊಟ್ಟಿ ಬಿಟ್ಟಿ ಬಿದ್ದಿರುವಾಗ ಪಂಜರ ಕೊಳ್ಳುವುದೇಕೆ? ಉತ್ತರ: ತೊಟ್ಟಿಯಲ್ಲಿ ಗಾಳಿ ಆಡುವುದಿಲ್ಲ, ಒದ್ದೆ ಗಾಳಿ ನಿಂತು ಶ್ವಾಸದ ಸೋಂಕು ತಗಲುತ್ತದೆ. ಮೇಲಾಗಿ ಗೋಸುಂಬೆ ಒಂಟಿಬಾಳಿನ ಜೀವಿ. ಗಾಜಿನಲ್ಲಿ ತನ್ನದೇ ಬಿಂಬ ಕಂಡು, ಪಾಲುಗಾರನೊಬ್ಬ ಬಂದನೆಂದು ದಿನವಿಡೀ ಕುದಿಯುತ್ತದೆ. ಬೆಳೆದ ಗಂಡಿಗೆ ಎರಡಡಿ ಅಗಲ, ಎರಡಡಿ ಉದ್ದ, ನಾಲ್ಕಡಿ ಎತ್ತರದ ಜಾಲರಿ ಪಂಜರ ವಿಹಿತ. ಚಳಿಯ, ಒಣಹವೆಯ ಊರುಗಳಲ್ಲಿ ಎರಡು ಮೂರು ಬದಿ ಮುಚ್ಚಿ, ಗಾಳಿಗೆ ಮೇಲೂ ಕೆಳಗೂ ದಾರಿ ಬಿಡುವ ಮಧ್ಯಮಪಂಥವೂ ಉಂಟು. ಹಳೆಯ ಪುಸ್ತಕದ ಕಪಾಟಿನ ಅಡ್ಡಹಲಗೆಗಳನ್ನು ಕಳಚಿ, ಬಾಗಿಲಿಗೆ ಲೋಹದ ಜಾಲರಿ ಬಡಿದರೆ ಖರ್ಚು ಬಹಳ ತಗ್ಗುತ್ತದೆ. ಪುಸ್ತಕಗಳು ನೆಲಕ್ಕಿಳಿಯುತ್ತವೆ, ಅದು ಶಾಸ್ತ್ರದ ಹೊರಗಿನ ವಿಷಯ.

ಪಂಜರದ ನೆಲಕ್ಕೆ ಏನನ್ನೂ ಹಾಸಬಾರದು. ಹುಳು ಹಿಡಿಯುವ ಭರದಲ್ಲಿ ಚೂರುಪಾರು ನುಂಗಿದರೆ ಕರುಳು ಕಟ್ಟುತ್ತದೆ. ಈ ಶಾಸ್ತ್ರದಲ್ಲಿ ಸಂಪೂರ್ಣ ಉಚಿತವಾದ ಅಂಗ ಇದೊಂದೇ. ಏರಲು ಒಣ ಕೊಂಬೆ, ಅಡಗಲು ಮನಿ ಪ್ಲಾಂಟ್, ದಾಸವಾಳ ಇದ್ದರೆ ಸಾಕು. ವೇಲ್ಡ್ ಗೋಸುಂಬೆ ಎಲೆಯನ್ನೂ ಮೇಯುವುದರಿಂದ ಪೀಠೋಪಕರಣ ಆಗಾಗ ಕರಗುತ್ತಿರುತ್ತದೆ.

ದೀಪಪ್ರಕರಣದಲ್ಲಿ ಜಿಪುಣಪಂಥ ಪೂರ್ತಿ ಸೋಲುತ್ತದೆ. ಸುಮಾರು 30 ಡಿಗ್ರಿ ಸೆಲ್ಸಿಯಸ್ಸಿನ ಬಿಸಿಲುಕಾಯುವ ಜಾಗಕ್ಕೆ ಮನೆಯ ಹಳೇ ಮಾದರಿಯ ಬಲ್ಬು ಸಾಕಾದರೂ, ಅತಿನೇರಳೆ ಕಿರಣ ಬೀರುವ ಟ್ಯೂಬನ್ನು ಬೇರೆಯೇ ತರಬೇಕು. ಅದಿಲ್ಲದೆ ವಿಟಮಿನ್ ಡಿ ಹುಟ್ಟದು, ಕ್ಯಾಲ್ಸಿಯಂ ಮೈಗೆ ಹತ್ತದು, ಎಲುಬು ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಕಿಟಕಿಯ ಬಿಸಿಲಿಗಿಟ್ಟರಾಯಿತು ಎನ್ನುವವರಿಗೆ, ಈ ಕಿರಣಗಳನ್ನು ಗಾಜು ತಡೆದುಬಿಡುತ್ತದೆ ಎಂಬುದೇ ಉತ್ತರ. ಟ್ಯೂಬಿಗೂ ಆಯುಸ್ಸು ಆರರಿಂದ ಹನ್ನೆರಡು ತಿಂಗಳು. ಆಮೇಲೂ ಅದು ಬೆಳಗುತ್ತಲೇ ಇರುತ್ತದೆ, ಅತಿನೇರಳೆ ಮಾತ್ರ ಬತ್ತಿರುತ್ತದೆ. ಪ್ರತ್ಯಕ್ಷವೇ ಪ್ರಮಾಣವೆನ್ನುವವರು ಇಲ್ಲಿ ಮೋಸಹೋಗುತ್ತಾರೆ. ಅಳೆದು ತಿಳಿಯಲು ಮೀಟರಿದೆ, ಅದರ ಬೆಲೆಗೆ ಹಲವು ಟ್ಯೂಬುಗಳೇ ಬರುತ್ತವೆ. ಆದ್ದರಿಂದ ಕೊಂಡ ದಿನಾಂಕವನ್ನು ಟ್ಯೂಬಿನ ತುದಿಗೆ ಮಾರ್ಕರಿನಲ್ಲಿ ಬರೆದಿಡುವ ಶಬ್ದಪ್ರಮಾಣವೇ ಬಡವರಿಗೆ ಗತಿ.

ಬಟ್ಟಲಲ್ಲಿ ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ನೀರೆಂದೇ ಗಣಿಸುವುದಿಲ್ಲ. ಸಿರಿವಂತರು ತುಂತುರು ಯಂತ್ರ ಕೂರಿಸುತ್ತಾರೆ. ಪ್ಲಾಸ್ಟಿಕ್ ಲೋಟದ ತಳಕ್ಕೆ ಸೂಜಿ ಚುಚ್ಚಿ ಪಂಜರದ ಮೇಲಿಟ್ಟರೂ ಕೆಲಸ ಆಗುತ್ತದೆ. ಹನಿ ಎಲೆಯಿಂದೆಲೆಗೆ ಜಾರುತ್ತಿರುವಾಗ ಗೋಸುಂಬೆಯ ಒಂದು ಕಣ್ಣು ಅದರ ಬೆನ್ನು ಹತ್ತುತ್ತದೆ, ಇನ್ನೊಂದು ಮಾಲೀಕನ ಮೇಲೇ ನೆಟ್ಟಿರುತ್ತದೆ. ಮಾಲೀಕ ಅಪಾಯಕಾರಿಯಲ್ಲವೆಂದು ಖಾತ್ರಿಯಾದ ಮೇಲೆ, ಬಲು ನಿಧಾನವಾಗಿ ಬಾಯಿ ತೆರೆದು ಎಲೆಯ ತುದಿಯನ್ನು ನೆಕ್ಕುತ್ತದೆ.

ಹಿನ್ನೆಲೆಗೆ ತಕ್ಕಂತೆ ಬಣ್ಣ ಬದಲಿಸುತ್ತದೆಂದು ನಂಬಿ ಪಂಜರಕ್ಕೆ ಬಣ್ಣ ಬಳಿಸುವುದು ದಂಡ. ಚರ್ಮದ ಕೋಶಗಳಲ್ಲಿರುವ ಗ್ವಾನಿನ್ ನ್ಯಾನೊಹರಳುಗಳ ಅಂತರ ಬದಲಾದಂತೆ ಬಣ್ಣ ಬದಲಾಗುವುದನ್ನು ಜಿನೀವಾದ ಸಂಶೋಧಕರು 2015ರಲ್ಲಿ ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಯಲ್ಲಿ ತೋರಿಸಿದರು. ಬಣ್ಣ ಹೇಳುವುದು ಬಹುಮಟ್ಟಿಗೆ ಮನಸ್ಸಿನ ಮತ್ತು ಮೈಬಿಸಿಯ ಸ್ಥಿತಿಯನ್ನು. ಗೋಸುಂಬೆ ಕಪ್ಪಿಟ್ಟಿದ್ದರೆ ಚಳಿಯಾಗಿದೆ ಅಥವಾ ಮನೆ ಹಿಡಿಸಿಲ್ಲ ಎಂದು ತಿಳಿಯಬೇಕು. ರಾಜಕೀಯ ವರದಿಗಳಲ್ಲಿ ಈ ಗುಣಕ್ಕೆ ಬಂದಿರುವ ಅಪಖ್ಯಾತಿ ಪ್ರಸ್ತುತ ಗ್ರಂಥದ ವಿಷಯವಲ್ಲ.

ಆಹಾರವೆಂದರೆ ಜೀವಂತ ಕ್ರಿಕೆಟ್ ಹುಳು. ಹುಳುವಿಗೆ ಮೊದಲು ಸೊಪ್ಪು, ಕ್ಯಾರೆಟ್ ತಿನ್ನಿಸಿ, ಮೇಲೆ ಕ್ಯಾಲ್ಸಿಯಂ ಪುಡಿ ಹೊರಳಿಸಿ ಕೊಡಬೇಕು. ಈ ಹೊತ್ತಿಗೆ ಮನೆಯಲ್ಲಿ ಕ್ರಮವಾಗಿ ತರಕಾರಿ ತಿನ್ನುವುದು ಹುಳುಗಳಷ್ಟೇ ಆಗಿರುತ್ತದೆ.

ಹೆಣ್ಣಿನ ವಿಷಯಕ್ಕೆ ಪ್ರತ್ಯೇಕ ವಿಧಿ. ವೇಲ್ಡ್ ಗೋಸುಂಬೆಯ ಹೆಣ್ಣು ಗಂಡಿನ ಮುಖವನ್ನೇ ಕಾಣದೆಯೂ ಮೊಟ್ಟೆ ಕಟ್ಟುತ್ತದೆ. ಮರಿಯಾಗದಿದ್ದರೂ ಅವನ್ನು ಇಡಲೇಬೇಕು, ಜಾಗ ಸಿಗದೆ ಮೊಟ್ಟೆ ಒಳಗೇ ಉಳಿದರೆ ಜೀವಕ್ಕೆ ಕುತ್ತು. ಆದ್ದರಿಂದ ಪಂಜರದ ತಳದಲ್ಲಿ ಸುಮಾರು ಒಂದಡಿ ಆಳ ಒದ್ದೆ ಮರಳು ತುಂಬಿದ ಡಬ್ಬಿ ಇಟ್ಟಿರಬೇಕು. ಸುರಂಗ ತೋಡುವಾಗ ಯಾರೋ ನೋಡುತ್ತಿದ್ದಾರೆಂದು ಅನಿಸಿದರೆ ಕೆಲಸವನ್ನು ಅರ್ಧಕ್ಕೇ ಬಿಟ್ಟು ಮೇಲೆ ಹತ್ತಿಬಿಡುವುದುಂಟು. ಆ ದಿನಗಳಲ್ಲಿ ಪಂಜರಕ್ಕೆ ಪರದೆ ಕಟ್ಟುವುದು ಕಡ್ಡಾಯ. ಹಳೆಯ ಬೆಡ್‌ಶೀಟ್ ಆದೀತು.