ಸೊಂಟದ ಮೇಲಿನ ಸಂಸಾರ

ಪಿಸ್ತೂಲು ಕೊಳ್ಳುವುದು ಸುಲಭ, ಅದಕ್ಕೆ ಮೈಮೇಲೊಂದು ಜಾಗ ಹುಡುಕುವುದು ಕಷ್ಟ. ಹೀಗೆ ಹೇಳುವ ಅಧಿಕಾರ ನನಗೆ ಅಷ್ಟಾಗಿ ಇಲ್ಲ. ದೀಪಾವಳಿಗೆ ಸಿಗುತ್ತಿದ್ದ ರೀಲು ಪಟಾಕಿಯ ತಗಡು ಪಿಸ್ತೂಲಿನಾಚೆಗೆ ನನ್ನ ಶಸ್ತ್ರಾಭ್ಯಾಸ ಮುಂದುವರಿಯಲಿಲ್ಲ. ಅದನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡು ಓಡಿದರೆ ನಾಲ್ಕು ಹೆಜ್ಜೆಯೊಳಗೆ ಚಡ್ಡಿಯಲ್ಲಿ ಜಾರಿ ಕಾಲ ಸಂದಿಯಿಂದ ನೆಲಕ್ಕೆ ಬೀಳುತ್ತಿತ್ತು. ಅಮೆರಿಕದ ಫುಟ್‌ಬಾಲ್ ತಾರೆ ಪ್ಲ್ಯಾಕ್ಸಿಕೊ ಬರೆಸ್‌ಗೆ 2008ರ ನವೆಂಬರಿನಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ನ್ಯೂಯಾರ್ಕಿನ ನೈಟ್‌ಕ್ಲಬ್ಬಿಗೆ ಹೋಗುವಾಗ ಪಿಸ್ತೂಲನ್ನು ಒರೆಯಿಲ್ಲದೆ ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಅದು ಜಾರಿತು, ಹಿಡಿಯಲು ಹೋದ, ಗುಂಡು ಅವನ ತೊಡೆಗೇ ಹೊಕ್ಕಿತು. ಅದರ ಮೇಲೆ, ಆ ಊರಿನ ಪರವಾನಗಿ ಇಲ್ಲದ್ದಕ್ಕೆ ಜೈಲು. ನಮ್ಮ ತಗಡಿನದು ಅಷ್ಟು ಕ್ರೂರಿಯಾಗಿರಲಿಲ್ಲ.

ಹೋಲ್‌ಸ್ಟರ್ ಎಂಬ ಪಿಸ್ತೂಲಿನ ಒರೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಹ್ಯೂಸ್ಟನ್ನಿನಲ್ಲಿರುವ ನನ್ನ ಭಾವಮೈದುನನ ಕೃಪೆ. ಟೆಕ್ಸಸ್ಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಇಪ್ಪತ್ತೊಂದು ದಾಟಿದ, ಕಾನೂನಿನ ಅಡ್ಡಿಯಿಲ್ಲದವರು ಪರವಾನಗಿ ಇಲ್ಲದೆಯೂ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಆದರೂ ಇವನು ತರಗತಿಗೆ ಹೋಗಿ, ಗುರಿ ಹೊಡೆದು ತೋರಿಸಿ, ಪರವಾನಗಿ ತೆಗೆದುಕೊಂಡ. ಸರ್ಟಿಫಿಕೇಟು ಕೊಡುತ್ತಾರೆಂದರೆ ಬಿಡುವ ಜಾತಿಯಲ್ಲ ನಮ್ಮದು. "ಇನ್ನು ಒಂದೇ ಒಂದು ಒಳ್ಳೇ ಚರ್ಮದ ಹೋಲ್‌ಸ್ಟರ್ ಸಿಕ್ಕಿಬಿಟ್ರೆ ಮುಗೀತು ಭಾವ. ಆಫೀಸಿಗೂ ಆಗಬೇಕು, ವಾಕಿಂಗಿಗೂ ಆಗಬೇಕು, ಕಾರಲ್ಲಿ ಕೂತರೂ ಒತ್ತಬಾರದು" ಎಂದ. ನೋಡುವುದಕ್ಕೇನು ಕಾಸೇ, ಜೊತೆಗೆ ಹೊರಟೆ.

ಅಂಗಡಿಯ ಮುದುಕ ಕೇಳಿದ ಮೊದಲ ಪ್ರಶ್ನೆಯೇ ನಮ್ಮನ್ನು ಕೆಡವಿತು: ದನದ್ದು ಬೇಕೋ, ಕುದುರೆಯದೋ? ಈರುಳ್ಳಿಯನ್ನೂ ಹಬ್ಬದ ದಿನ ದೂರವಿಡುವ ಮನೆತನದ ಹುಡುಗ ಸ್ವಲ್ಪ ಹೊತ್ತು ಚಾವಣಿ ನೋಡಿದ. "ಕುದುರೆ ಆದ್ರೆ ಪರವಾಗಿಲ್ವಾ ಭಾವ?" ಎಂದು ಕನ್ನಡದಲ್ಲಿ ಪಿಸುಗುಟ್ಟಿದ. ಕಾಲಲ್ಲಿ ಯಾವುದರ ಚರ್ಮದ ಬೂಟು ಹಾಕಿಕೊಂಡಿದ್ದೀಯ ಎಂದು ನಾನು ಕೇಳಲಿಲ್ಲ. ಮುದುಕ ಎರಡನ್ನೂ ಕೈಗೆ ಕೊಟ್ಟ. ಕುದುರೆ ಚರ್ಮ ತೆಳು, ಆದರೆ ಬಿಗಿ. ಬೆವರನ್ನು ಅಷ್ಟು ಬೇಗ ಕುಡಿಯುವುದಿಲ್ಲ. ದನದ್ದು ತುಸು ದಪ್ಪ, ಒಗ್ಗುವ ಸ್ವಭಾವದ್ದು. ಎರಡನ್ನೂ ಮರದ ತೊಗಟೆಯ ಒಗರಿನಲ್ಲಿ ಹದ ಮಾಡಿರುತ್ತಾರೆ. ನಮ್ಮ ಕಡೆ ತಂಗಡಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಿದ್ದರಲ್ಲ, ಅದೇ ವಿದ್ಯೆ. ಅಲ್ಲಿ ಅದು ಓಕ್ ಮರದ ತೊಗಟೆಯಿಂದ ಹೆಸರಾದದ್ದು. ಸೇಂಟ್ ಲೂಯಿಸ್ಸಿನ ಹರ್ಮನ್ ಓಕ್ ಕಂಪನಿ 1881ರಿಂದ ಇದನ್ನೇ ಮಾಡಿಕೊಂಡು ಬಂದಿದೆ. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಚರ್ಮ ಜಾಕೆಟ್ಟಿಗೆ ಚೆಂದ, ಪಿಸ್ತೂಲಿಗೆ ಬೇಡ. ಅದು ಮೆತ್ತಗೆ ಬಳುಕುತ್ತದೆ, ಉಳಿದ ಲವಣ ಕಬ್ಬಿಣವನ್ನು ತಿನ್ನುತ್ತದೆ. ತೊಗಟೆಯಲ್ಲಿ ಹದವಾದದ್ದನ್ನು ನೆನೆಸಿ, ಪಿಸ್ತೂಲಿನ ಅಚ್ಚಿನ ಮೇಲೆ ಒತ್ತಿ, ನಯವಾದ ಮೂಳೆಯ ಕಡ್ಡಿಯಿಂದ ಅಂಚಂಚೂ ತೀಡಿ ಒಣಗಿಸಿದರೆ ಆಕಾರ ಹಾಗೇ ನಿಲ್ಲುತ್ತದೆ. ನಾನು ಹಿಡಿದು ನೋಡಿದ್ದರಲ್ಲಿ ಟ್ರಿಗರಿನ ಬಳೆ, ಪಕ್ಕದ ಗುಂಡಿ, ನಳಿಗೆಯ ತುದಿಯ ಉಬ್ಬು ಎಲ್ಲ ಎದ್ದು ಕಾಣುತ್ತಿದ್ದವು. ಒಳಗೆ ಪಿಸ್ತೂಲಿಲ್ಲದಿದ್ದರೂ ಇದ್ದಂತಿತ್ತು. ಕೊನೆಗೆ ಕುದುರೆಯದನ್ನೇ ಕೊಂಡ.

ಹೊಸದರಲ್ಲಿ ಅದು ಎಷ್ಟು ಬಿಗಿಯೆಂದರೆ ಹಾಕಿದ ಪಿಸ್ತೂಲು ಹೊರಗೇ ಬರುವುದಿಲ್ಲ. ಅದಕ್ಕೂ ಮದ್ದಿದೆ. ಗುಂಡೆಲ್ಲ ತೆಗೆದು, ಇಲ್ಲವೆಂದು ಮತ್ತೊಮ್ಮೆ ನೋಡಿ, ಪಿಸ್ತೂಲಿಗೆ ಪ್ಲಾಸ್ಟಿಕ್ ಕವರು ಸುತ್ತಿ ಒರೆಗೆ ತುರುಕಿ ಒಂದು ರಾತ್ರಿ ಬಿಡಬೇಕು. ಬೆಳಗಾಗುವಷ್ಟರಲ್ಲಿ ಚರ್ಮ ಕೂದಲೆಳೆಯಷ್ಟು ಸಡಿಲಿಸುತ್ತದೆ. ಮೆತ್ತಗಾಗಲಿ ಎಂದು ಎಣ್ಣೆ ಹಚ್ಚಿದಿರೋ ಕೆಟ್ಟಿತು. ಹಿಡಿತ ಹೋದ ಒರೆಯ ಬಾಯಿ ಒಳಕ್ಕೆ ಮಡಚಿಕೊಂಡು, ಪಿಸ್ತೂಲು ಒಳಗಿಡುವಾಗ ಟ್ರಿಗರಿಗೇ ಸಿಕ್ಕಿಕೊಳ್ಳಬಹುದು. ಒಳ್ಳೆಯ ಕಸುಬುದಾರರು ಬಾಯಿಯ ಸುತ್ತ ಇನ್ನೊಂದು ಪದರ ಚರ್ಮವನ್ನೋ ಲೋಹದ ಪಟ್ಟಿಯನ್ನೋ ಕೂರಿಸಿ ಹೊಲಿಯುವುದು ಇದಕ್ಕೇ. ಟ್ರಿಗರು ಪೂರಾ ಮುಚ್ಚಿರಬೇಕು, ಬಾಯಿ ಬಿಟ್ಟೇ ಇರಬೇಕು, ಬಗ್ಗಿದರೆ ಬೀಳಬಾರದು, ಹಿಡಿ ಕೈತುಂಬ ಸಿಗಬೇಕು. ನನ್ನನ್ನು ಕೇಳಿದರೆ ಹೋಲ್‌ಸ್ಟರಿನ ಶಾಸ್ತ್ರ ಇಲ್ಲಿಗೆ ಮುಗಿಯಿತು, ಉಳಿದದ್ದೆಲ್ಲ ಅಲಂಕಾರ.

ಆದರೆ ಆ ಅಲಂಕಾರದ ಚರಿತ್ರೆ ದೊಡ್ಡದು. ವೈಲ್ಡ್ ಬಿಲ್ ಹಿಕಾಕ್ ಸೊಂಟಕ್ಕೆ ಬಟ್ಟೆ ಬಿಗಿದು, ಎರಡು ಕೋಲ್ಟ್ ರಿವಾಲ್ವರುಗಳನ್ನು ಹಿಡಿ ಮುಂದಾಗಿ ಸಿಕ್ಕಿಸುತ್ತಿದ್ದನಂತೆ. 1920ರ ದಶಕದಲ್ಲಿ ಎಲ್ ಪಾಸೋದ ಟಾಮ್ ತ್ರೀಪರ್ಸನ್ಸ್ ಎಂಬ ಅಧಿಕಾರಿ, ಬೇಡದ ಚರ್ಮವನ್ನೆಲ್ಲ ಕತ್ತರಿಸಿ, ತುಸು ಮುಂದಕ್ಕೆ ವಾಲಿದ ಒರೆಯೊಂದನ್ನು ಮಾಡಿಸಿದ. ಅದರಲ್ಲಿ ಟ್ರಿಗರು ಬಯಲಿಗೇ ಬಿದ್ದಿತ್ತು. ಈಗಿನವರು ಹಾಗೆ ಬಿಡುವುದಿಲ್ಲ, ಆ ವಾಲಿಕೆಯನ್ನು ಮಾತ್ರ ಉಳಿಸಿಕೊಂಡಿದ್ದಾರೆ. 1984ರಲ್ಲಿ ಶುರುವಾದ 'ಮಯಾಮಿ ವೈಸ್' ಧಾರಾವಾಹಿ ಬಂದಮೇಲಂತೂ ಕಂಕುಳಲ್ಲಿ ನೇತಾಡುವ ಒರೆಗೆ ಬೇಡಿಕೆಯೋ ಬೇಡಿಕೆ. ನಮ್ಮ ಹಳೆಯ ಸಿನಿಮಾದ ಖಳರು ಮಾತ್ರ ಈ ಗೊಡವೆಗೆ ಹೋಗದೆ ಕೋಟಿನ ಜೇಬಿಂದಲೇ ತೆಗೆಯುತ್ತಿದ್ದರು.

ಈ ಕಥೆಯಲ್ಲಿ ನಮ್ಮ ದೇಶದ ಪಾಲೂ ಇದೆ. 1858ರಲ್ಲಿ, ಸಿಪಾಯಿ ದಂಗೆಯ ಕಾಲದ ಒಂದು ಕಾಳಗದಲ್ಲಿ, ಸ್ಯಾಮ್ ಬ್ರೌನ್ ಎಂಬ ಬ್ರಿಟಿಷ್ ಅಧಿಕಾರಿ ಎಡಗೈ ಕಳೆದುಕೊಂಡ. ಒಂದೇ ಕೈಯಲ್ಲಿ ಕತ್ತಿ ಹಿರಿಯುವಾಗ ಒರೆ ಓಲಾಡದಿರಲಿ ಎಂದು ಹೆಗಲ ಮೇಲಿಂದ ಅಡ್ಡಪಟ್ಟಿ ಹಾಯಿಸಿ, ಇನ್ನೊಂದು ಬದಿಗೆ ಪಿಸ್ತೂಲು ಕೂರಿಸಿಕೊಂಡ. ನಮ್ಮ ಪೊಲೀಸ್ ಅಧಿಕಾರಿಗಳ ಎದೆಯ ಮೇಲಿನ ಕ್ರಾಸ್ ಬೆಲ್ಟ್ ಅದೇ. ಕೊಡವರ ಮದುವೆಗೆ ಹೋದವರು ಇನ್ನೂ ಒಳ್ಳೆಯದನ್ನು ನೋಡಿರುತ್ತಾರೆ. ಕುಪ್ಯ ಎಂಬ ನಿಲುವಂಗಿಯ ಮೇಲೆ ಚೇಲೆ ಎಂಬ ನಡುಪಟ್ಟಿ, ಅದರ ಮುಂದೆ ಪೀಚೆಕತ್ತಿ ಎಂಬ ಬಾಕು. ಒಡಿಕತ್ತಿಗೆ ಮಾತ್ರ ಬೆನ್ನ ಹಿಂದೆ ತೊಡಂಗ್ ಎಂಬ ಲೋಹದ ಕೊಂಡಿ. ಒರೆಯ ಹಂಗೇ ಇಲ್ಲ. ಪಿಸ್ತೂಲಿಗೂ ಹೀಗೆ ಬೆನ್ನಹುರಿಯ ಮೇಲೆ ಕೂರುವ ಹೋಲ್‌ಸ್ಟರ್ ಉಂಟು, ಆದರೆ ಜಾರಿ ಬಿದ್ದರೆ ಬೆನ್ನೆಲುಬಿಗೇ ಸಂಚಕಾರವೆಂದು ಬಲ್ಲವರು ಬೇಡವೆನ್ನುತ್ತಾರೆ.

ಪಿಸ್ತೂಲನ್ನು ಎಲ್ಲಿ ಇಟ್ಟುಕೊಳ್ಳಬೇಕೆಂಬುದಕ್ಕೆ ಈ ಬಲ್ಲವರು ಗಡಿಯಾರದ ಲೆಕ್ಕ ಹೇಳುತ್ತಾರೆ. ಹೊಕ್ಕುಳು ಹನ್ನೆರಡು ಗಂಟೆ, ಬಲಗಡೆಯ ಸೊಂಟದ ಮೂಳೆ ಮೂರು. ಒಂದು ಗಂಟೆಯ ಜಾಗದಲ್ಲಿ, ಪ್ಯಾಂಟಿನ ಒಳಗೆ ಇಟ್ಟುಕೊಳ್ಳುವುದು ಈಗಿನ ಫ್ಯಾಷನ್. ಆದರೆ ಆ ಜಾಗ ನನ್ನ ಭಾವಮೈದುನನಲ್ಲಿ ವರ್ಷಗಳಿಂದ ಅನ್ನ-ಸಾರಿನ ಸ್ವಾಧೀನದಲ್ಲಿದೆ. ಕೂತರೆ ಹಿಡಿ ಹೊಟ್ಟೆಗೆ, ನಳಿಗೆ ತೊಡೆಗೆ. ನಾಲ್ಕು ಗಂಟೆಗೆ ಸರಿಸಿದ. ಕಾರಿನಲ್ಲಿ ಸೀಟು ಬೆಲ್ಟು ಸಿಕ್ಕಿಕೊಂಡಿತು. ಅಂಗಡಿಯಲ್ಲಿ ಕೆಳಗಿನ ಖಾನೆಯ ಇಡ್ಲಿ ರವೆಗೆ ಬಗ್ಗಿದರೆ ಅಂಗಿಯ ಹಿಂದೆ ಗೂನು ಎದ್ದಿತು. ಅಂದಿನಿಂದ ಅವನು ಏನೇ ಎತ್ತಬೇಕಿದ್ದರೂ ನೆಟ್ಟಗೆ ಕುಕ್ಕರಗಾಲಲ್ಲಿ ಇಳಿಯುತ್ತಾನೆ. ಮಂಡಿಗೆ ಒಳ್ಳೆಯ ವ್ಯಾಯಾಮ.

ಆಮೇಲೆ ಶುರುವಾಯಿತು ಕೌಪೀನದ ಸನ್ಯಾಸಿಯ ಕಥೆ. ಹೋಲ್‌ಸ್ಟರ್ ಜೋಲುತ್ತದೆ, ಅದಕ್ಕೆ ಒಂದೂವರೆ ಇಂಚು ಅಗಲದ, ಒಳಗೆ ಗಟ್ಟಿ ಪಟ್ಟಿಯಿರುವ ಬೆಲ್ಟು ಬೇಕು. ಆ ಬೆಲ್ಟು ಪ್ಯಾಂಟಿನ ಕುಣಿಕೆಗೆ ತೂರುವುದಿಲ್ಲ, ಅದಕ್ಕೆ ಹೊಸ ಪ್ಯಾಂಟು, ಸೊಂಟ ಎರಡಿಂಚು ದೊಡ್ಡದು. ಒಳಗಿನದು ಚರ್ಮ ತರಚುತ್ತದೆ, ಅದಕ್ಕೆ ಉದ್ದನೆಯ ಬನಿಯನ್ನು. ಅದರ ಮೇಲೆ ಉಬ್ಬು ಕಾಣದಂತೆ ಗಾಢ ಬಣ್ಣದ, ಚೌಕಳಿಯ, ಇನ್‌ಶರ್ಟ್ ಮಾಡದ ಅಂಗಿ. ಎಲ್ಲಕ್ಕೂ ಒಗ್ಗುವ ಹೋಲ್‌ಸ್ಟರ್ ಹುಡುಕಲು ಹೊರಟವನು ಹೋಲ್‌ಸ್ಟರಿಗೆ ಅಡಿಯಿಂದ ಮುಡಿಯವರೆಗೆ ತಾನೇ ಒಗ್ಗಿಕೊಂಡಿದ್ದ. ಹ್ಯೂಸ್ಟನ್ನಿನ ಜುಲೈ ಸೆಕೆಯಲ್ಲಿ ಇಷ್ಟೆಲ್ಲ ಹೊದ್ದು ನಡೆಯುವವನನ್ನು ಯಾವ ಕಳ್ಳನೂ ಅನುಕಂಪದಿಂದಲೇ ಬಿಟ್ಟುಬಿಡಬೇಕು.

ಜೊತೆಗೆ ಟೆಕ್ಸಸ್ಸಿನ ಬಾಗಿಲುಗಳು. ಪಿಸ್ತೂಲು ಬೇಡವೆನ್ನುವ ಅಂಗಡಿಯವರು 30.06, 30.07 ಎಂಬ ಕಲಮುಗಳ ಫಲಕವನ್ನು ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ, ಇಂಚೆತ್ತರದ ಅಕ್ಷರದಲ್ಲಿ ಹಾಕಿರುತ್ತಾರೆ. ಅದು ಕಂಡರೆ ಕಾರಿಗೆ ವಾಪಸು ಹೋಗಿ ಬಿಚ್ಚಿ, ಬೀಗ ಹಾಕಿಟ್ಟು ಬರಬೇಕು. ಬೆಲ್ಟಿಗೆ ಪೋಣಿಸುವ ಒರೆಯಾದರೆ ಪಾರ್ಕಿಂಗಿನಲ್ಲಿ ಅರ್ಧ ಪ್ಯಾಂಟು ಬಿಚ್ಚಿದಂತೆ. ಆದ್ದರಿಂದ ಕ್ಲಿಪ್ಪಿನದೊಂದು ಬಂತು, ಅದು ಅಲುಗಾಡುತ್ತದೆಂದು ಗುಂಡಿ ಪಟ್ಟಿಯದು ಬಂತು.

ಆಯುಧಪೂಜೆಯ ದಿನ ಇನ್ನೊಂದು ತಕರಾರು. ಪಿಸ್ತೂಲಿಗೆ ಕುಂಕುಮ ಇಡಲು ಅವನ ಹೆಂಡತಿಯದು ಅಡ್ಡಿಯಿಲ್ಲ, ತೊಗಲು ಮಾತ್ರ ದೇವರ ಮನೆಗೆ ಬರಕೂಡದು. ಖಾಲಿ ಮಾಡಿದ ಪಿಸ್ತೂಲು ಲ್ಯಾಪ್‌ಟಾಪಿನ ಪಕ್ಕ ಸೇವಂತಿಗೆ ಮುಡಿದು ಕೂತಿತು. ಕುದುರೆ ಚರ್ಮದ್ದು ಹೊರಗೆ, ಚಪ್ಪಲಿಗಳ ಜೊತೆ.

ಅಮೆರಿಕದಲ್ಲಿ ಪಿಸ್ತೂಲು ಇಟ್ಟುಕೊಂಡವರ ಮನೆಯಲ್ಲೆಲ್ಲ ಒಗ್ಗದ ಹೋಲ್‌ಸ್ಟರುಗಳ ಡಬ್ಬವೊಂದು ಇರುತ್ತದೆಂದು ಅಂಗಡಿಯ ಮುದುಕ ಆಗಲೇ ಹೇಳಿದ್ದ. ಇವನದೂ ತುಂಬಿತು. ಒಂದು ಸಂಜೆ ಅದರಿಂದ ಅಗಲ ಬಾಯಿಯದೊಂದನ್ನು ಅವನ ಹೆಂಡತಿ ಎತ್ತಿಕೊಂಡು, ಗಿಡ ಕತ್ತರಿ ಹಾಕಿ ಚೂಡಿದಾರದ ಲಾಡಿಗೆ ಸಿಕ್ಕಿಸಿಕೊಂಡಳು.

"ಲೇ, ಅದು ಕೈಯಲ್ಲಿ ಹೊಲಿಸಿದ್ದು ಕಣೇ, ಕುದುರೆ ಚರ್ಮ!" ಎಂದ.

"ಅದಕ್ಕೇ ಗಟ್ಟಿಯಾಗಿ ಹಿಡ್ಕೊಂಡಿದೆ. ಅಣ್ಣ, ಸಾರಿಗೆ ಕರಿಬೇವು ಎಷ್ಟು ಬೇಕು?" ಎನ್ನುತ್ತ ಅವಳು ಹಿತ್ತಲಿಗೆ ಹೊರಟಳು.