ಜೂನ್ ಒಂದರ ಮಂದಿ

"ಸೆಂಡಾಫ್‌ದಾಗ ಮಾಸ್ತರು ಏನ್ ಬುದ್ಧಿ ಹೇಳಿದ್ರಪಾ?" ಅಂತ ಬೇಲಿಯಾಚೆ ಅಕ್ಕಾರು ಮಗನನ್ನು ಕೇಳುತ್ತಿದ್ದರು. "ಆಲ್ ದ ಬೆಸ್ಟ್ ಅಂದ್ರು" ಎಂದು ಹತ್ತನೇ ತರಗತಿಯ ಹುಡುಗ ಒಳಗೆ ನಡೆದ. ಮನೆಯಲ್ಲಿ ಕನ್ನಡ, ಪ್ರಾಥಮಿಕ ಶಾಲೆಯಲ್ಲಿ ಮರಾಠಿ, ಹೈಸ್ಕೂಲಿನಲ್ಲಿ ಇಂಗ್ಲಿಷು, ಗೆಳೆಯರ ಜೊತೆ ಕೊಂಕಣಿ. ಇಷ್ಟು ಭಾಷೆ ಕಲಿತವನಿಗೆ ಅಮ್ಮನಿಗೆ ಹೇಳಲು ಮೂರು ಮಾತು ಸಾಕಾದವು.

"ನಿಮಗೇನ್ ಹೇಳಿದ್ರು ರೀ ಆವಾಗ?" ಅಂತ ಪ್ರಶ್ನೆ ಈಗ ಬೇಲಿ ದಾಟಿ ನನ್ನ ಕಡೆ ಬಂತು.

ಗೋವಾದ ಕುಂಡಯಿಯ ಇಂಡಸ್ಟ್ರಿಯಲ್ ಎಸ್ಟೇಟಿಗೆ ದುಡಿಯಲು ಬಂದ ನಮ್ಮಂಥವರಿಗೆ ಭಾನುವಾರ ಮಧ್ಯಾಹ್ನವೇ ಹರಟೆಯ ಹೊತ್ತು. ಅಕ್ಕಾರದು ಬಾದಾಮಿ ಕಡೆ, ನನ್ನದು ಗದಗಿನ ಕಡೆ. ಬೀಳ್ಕೊಡುಗೆ ಮಾತ್ರ ಎರಡೂ ಕಡೆ ಒಂದೇ ನಮೂನೆ: ಸರಸ್ವತಿ ಫೋಟೋದ ಮುಂದೆ ಹಾಲ್ ಟಿಕೆಟ್ ಇಟ್ಟು ಪೂಜೆ, ಮಾಸ್ತರು ಖುರ್ಚಿಯಲ್ಲಿ ನಾವು ಬೆಂಚಿನ ಮೇಲೆ ನಿಂತು ಗ್ರೂಪ್ ಫೋಟೋ, ಆಟೋಗ್ರಾಫ್ ಪುಸ್ತಕ, ಕಾಗದದ ಪೊಟ್ಟಣದಲ್ಲಿ ಖಾರಾ ಬೂಂದಿ. ಎಲ್ಲರೂ ವರ್ಗಣಿ ಹಾಕಿ ಶಾಲೆಗೆ ಗೋಡೆ ಗಡಿಯಾರ ಕೊಡುವುದು. ಅದರ ಮೇಲೆ ಇಂಥ ವರ್ಷದ ವಿದ್ಯಾರ್ಥಿಗಳ ಕೊಡುಗೆ ಅಂತ ಕೆಂಪು ಬಣ್ಣದಲ್ಲಿ ಬರೆಸುವುದು. ಹೆಚ್ಚಿನ ಶಾಲೆಗಳಲ್ಲಿ ಗಡಿಯಾರ ನಿಂತಿದೆ, ಅಕ್ಷರ ಗಟ್ಟಿಯಾಗಿವೆ.

ಹೆಡ್‌ಮಾಸ್ತರು ನಮ್ಮ ಬೀಳ್ಕೊಡುಗೆಯಲ್ಲಿ ತಾಸುಗಟ್ಟಲೆ ಮಾತಾಡಿದರು. ದೇಶ, ಗುರಿ, ತಂದೆತಾಯಿಯ ಋಣ ಎಲ್ಲಾ ಬಂತು. ಹುಡುಗಿಯರು ಅತ್ತರು. ಒಂದು ವಾಕ್ಯವೂ ನೆನಪಿಲ್ಲ. ನೆನಪಿರುವುದು ಕ್ಲಾರ್ಕ್ ಸರ್ ಆಡಿದ್ದು. ಅವರು ಭಾಷಣಕ್ಕೇನೂ ನಿಂತಿರಲಿಲ್ಲ, ಹಾಲ್ ಟಿಕೆಟ್ ಹಂಚುತ್ತಾ ಕಿಟಕಿಯಿಂದಲೇ ಗದರಿದರು: "ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಕು ನೋಡ್ಕೊಂಡು ಸಹಿ ಮಾಡ್ರಲೇ. ಇನ್ ಮ್ಯಾಲ ನಿಮ್ಮವ್ವ ಹೇಳಿದ್ದು ನಡಿಯಂಗಿಲ್ಲ, ಇದ ನಡಿತೈತಿ!"

ಅಕ್ಕಾರು ನಕ್ಕರು. "ನನ್ನ ತಾರೀಕು ಜೂನ್ ಒಂದ್ರೀ."

"ನಂದೂ ಅದ ರೀ!"

ಉತ್ತರ ಕರ್ನಾಟಕದ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿದೆ. ಕಾರಹುಣ್ಣಿಮೆ ಆದಮೇಲೆ ಹುಟ್ಟಿದ, ಬರಗಾಲದ ವರ್ಷ ಹುಟ್ಟಿದಳು ಅಂತ ಹೇಳುವ ತಂದೆತಾಯಿಗೆ ಮಾಸ್ತರಾದರೂ ಏನು ಮಾಡಬೇಕು? ತಲೆಯ ಮೇಲಿಂದ ಕೈ ಹಾಯಿಸಿ ಆ ಕಡೆಯ ಕಿವಿ ಮುಟ್ಟಿದರೆ ವಯಸ್ಸು ಆಯಿತು. ಶಾಲೆ ಶುರುವಾಗುವುದು ಜೂನ್‌ನಲ್ಲಿ, ಒಂದನೇ ತಾರೀಕು ಬರೆದರೆ ಲೆಕ್ಕ ಚೊಕ್ಕ. ಆ ಲೆಕ್ಕ ಬೆನ್ನು ಬಿಡುವುದಿಲ್ಲ. ಸರ್ಕಾರಿ ನೌಕರರ ವಯಸ್ಸಿಗೆಂದೇ ಕರ್ನಾಟಕದಲ್ಲಿ 1974ರ ಕಾಯ್ದೆಯಿದೆ. ಒಮ್ಮೆ ದಾಖಲಾದ ತಾರೀಕು ತಿದ್ದಿಸುವುದು ಸುಲಭವಲ್ಲ. ತಿಂಗಳ ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ. ಹಾಗಾಗಿ ಮೇ 31 ಬಂದರೆ ಕಚೇರಿ ಕಚೇರಿಯಲ್ಲಿ ಹಾರ, ಶಾಲು. ನಮಗೆ ಜೂನ್ ಒಂದು ಕೊಟ್ಟ ಮಾಸ್ತರೂ ಆ ಸಾಲಿನಲ್ಲೇ ನಿಂತಿರುತ್ತಾರೆ.

"ಈಗ ಗೋವಾದಾಗ ಸಾಲಿ ಏಪ್ರಿಲ್‌ದಾಗ ಚಾಲೂ ಮಾಡ್ಯಾರಲ್ರೀ" ಅಂದರು ಅಕ್ಕಾರು. ಹೌದು, 2025ರಲ್ಲಿ ಹೈಸ್ಕೂಲು ತರಗತಿಗಳು ಏಪ್ರಿಲ್ 7ಕ್ಕೇ ಶುರುವಾದವು. ಹಳೆಯ ಮಾಸ್ತರ ಕೈಗೆ ಈ ಕ್ಯಾಲೆಂಡರು ಸಿಕ್ಕಿದ್ದರೆ ನಾವೆಲ್ಲ ಏಪ್ರಿಲ್ ಒಂದಕ್ಕೆ ಹುಟ್ಟಿ, ಜೀವನವಿಡೀ ಅದಕ್ಕೆ ಸಮಜಾಯಿಷಿ ಕೊಡುತ್ತಾ ಇರುತ್ತಿದ್ದೆವು.

ಹುಡುಗನ ತಾರೀಕಿಗೆ ಭಯವಿಲ್ಲ, ಫೋಂಡಾದ ಆಸ್ಪತ್ರೆಯಲ್ಲಿ ಹುಟ್ಟಿದವನು, ದಾಖಲೆಯಿದೆ. ತಂಟೆ ಇರುವುದು ಅಡ್ಡಹೆಸರಿನಲ್ಲಿ. ನಮ್ಮ ಕಡೆ ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಅಡ್ಡಹೆಸರು. ಉಳ್ಳಾಗಡ್ಡಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಆಧಾರಿನವರು ಒಂದು ಎಲ್ ಹಾಕುತ್ತಾರೆ, ಪಿಎಫ್‌ನವರು ಎರಡು. ಫ್ಯಾಕ್ಟರಿ ಬಿಟ್ಟು ಪಿಎಫ್ ದುಡ್ಡು ಕೇಳಲು ಹೋದಾಗ ಆ ಎಲ್ ಬಂದು ಅಡ್ಡ ನಿಲ್ಲುತ್ತದೆ. ಪೆನ್ಶನ್ನಿಗೆ 58 ತುಂಬಿತೋ ಇಲ್ಲವೋ ಎಂಬುದೂ ಅದೇ ಕಾಗದದ ಮಾತು. ದೇಶಸೇವೆಯ ಭಾಷಣ ಕೇಳಿದವರು ಯಾರೂ ಇಂಥ ಕೌಂಟರಿನ ಮುಂದೆ ಅದನ್ನು ನೆನೆಸಿಕೊಂಡದ್ದು ನಾನು ಕಂಡಿಲ್ಲ.

"ನಮ್ಮ ದೊಡ್ಡ ಮಗಳಿಗೆ ಸೆಂಡಾಫ್ ಗಿಂಡಾಫ್ ಏನೂ ಇರಲಿಲ್ಲ ನೋಡ್ರಿ" ಎಂದರು. ಆಕೆ 2021ರ ಹತ್ತನೇ ತರಗತಿಯವಳು. ಆ ವರ್ಷ ಗೋವಾದಲ್ಲಿ ಹತ್ತನೇ ಪರೀಕ್ಷೆಯೇ ರದ್ದು. ಕರ್ನಾಟಕದಲ್ಲಿ ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ ಟಿಕ್ ಹಾಕಿ ಮುಗಿಸಿದರು. ಸೆಂಡಾಫಿಲ್ಲ, ಬುದ್ಧಿವಾದವಿಲ್ಲ, ಅಳುವುದಕ್ಕೆ ಗೆಳತಿಯರ ಹೆಗಲೂ ಇಲ್ಲ. ಆದರೆ ಮಾರ್ಕ್ಸ್ ಕಾರ್ಡು ಬಂತು, ಅದರಲ್ಲಿ ಹೆಸರು, ತಾರೀಕು ಎರಡೂ ಇದ್ದವು. ಆಕೆಗೇನೂ ಕಡಿಮೆಯಾದಂತೆ ಕಾಣುವುದಿಲ್ಲ. ಅಕ್ಕಾರಿಗೆ ಮಾತ್ರ ಆ ಗ್ರೂಪ್ ಫೋಟೋ ಇಲ್ಲದ್ದು ಇನ್ನೂ ಬೇಸರ.

ನಮ್ಮ ಶಾಲೆಯ ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಈ ಸಲ ಗುರುವಂದನೆಯ ತಯಾರಿ ನಡೆದಿದೆ. ಜೂನ್ ಒಂದಕ್ಕೇ ಇಡೋಣ, ಎಲ್ಲರ ಹುಟ್ಟುಹಬ್ಬ, ಒಂದೇ ಕೇಕು ಸಾಕು ಅಂತ ಯಾರೋ ಹಾಕಿದ್ದಾರೆ. ಹೆಡ್‌ಮಾಸ್ತರಿಗೆ ಬೆಳ್ಳಿ ತಟ್ಟೆಯಂತೆ, ಉಳಿದವರಿಗೆ ಶಾಲು.

"ಕ್ಲಾರ್ಕರನ್ನ ಕರದೀರೇನು?" ಅಂತ ಅಕ್ಕಾರು ಕೇಳಿದರು.

"ಕರೀಬೇಕ್ರಿ. ಆಮಂತ್ರಣದಾಗ ಹೆಸರು ಹಾಕಬೇಕಲ್ಲ, ಅವರ ಹೆಸರ ಯಾರಿಗೂ ಗೊತ್ತಿಲ್ಲ. ಎಲ್ಲಾರೂ ಕ್ಲಾರ್ಕ್ ಸರ್ ಅಂತಿದ್ವಿ."