ಮೂರನೇ ಪೈಪಿನ ಮಹಿಮೆ

ಬೆಂಗಳೂರಿನಲ್ಲಿ ನೀರಿನ ಬಗ್ಗೆ ನಿಜಕ್ಕೂ ತಲೆ ಕೆಡಿಸಿಕೊಂಡವರನ್ನು ನೋಡಬೇಕೆಂದರೆ ಯಾವ ಸರ್ಕಾರಿ ಕಚೇರಿಗೂ ಹೋಗಬೇಡಿ. ಬೆಳ್ಳಂದೂರಿನ ಆಸುಪಾಸಿನ ಅಪಾರ್ಟ್‌ಮೆಂಟೊಂದರಲ್ಲಿ ದೊಡ್ಡ ಅಕ್ವೇರಿಯಂ ಇಟ್ಟವರ ಮನೆಗೆ ಹೋಗಿ. ಅವರು ಮೊದಲು ಮೀನು ತೋರಿಸುವುದಿಲ್ಲ. ಸ್ಟ್ಯಾಂಡಿನ ಬಾಗಿಲು ತೆಗೆದು, ನಿಮ್ಮನ್ನು ಕುಕ್ಕರಗಾಲಲ್ಲಿ ಕೂರಿಸಿ, ಒಳಗಿನ ಪೈಪುಗಳ ದರ್ಶನ ಮಾಡಿಸುತ್ತಾರೆ. ಮೀನು ಏನಿದ್ದರೂ ಆಮೇಲೆ, ಮೊಬೈಲಿನಿಂದ ಫೋಟೋ ತೆಗೆಯಲು.

ಒಳಗಿರುವುದು ಸಂಪು. ಗೇಟಿನ ಪಕ್ಕ ನೆಲದೊಳಗಿರುವ ಕಾವೇರಿ ಸಂಪಲ್ಲ; ಮೀನಿನ ತೊಟ್ಟಿಯ ಕೆಳಗೆ ಇಟ್ಟ ಇನ್ನೊಂದು ಗಾಜಿನ ತೊಟ್ಟಿ. ಮೇಲಿಂದ ತುಂಬಿ ಚೆಲ್ಲಿದ ನೀರು ಪೈಪು ಹಿಡಿದು ಇಲ್ಲಿಗೆ ಇಳಿಯುತ್ತದೆ. ಬಟ್ಟೆಯ ಚೀಲದಲ್ಲಿ ಸೋಸಿಕೊಂಡು, ಬ್ಯಾಕ್ಟೀರಿಯಾ ಮನೆ ಮಾಡಿದ ಕಲ್ಲುಗಳನ್ನು ಹಾದು, ಅಡ್ಡಗಾಜುಗಳ ನಡುವೆ ಗುಳ್ಳೆ ಕಳೆದುಕೊಂಡು, ಕೊನೆಯ ಖಾನೆಯ ಪಂಪಿನಿಂದ ಮತ್ತೆ ಮೇಲಕ್ಕೇರುತ್ತದೆ. ಇಳಿಸುವ ಖರ್ಚು ಭೂಮಿತಾಯಿಯದು, ಏರಿಸುವ ಖರ್ಚು ಮನೆಯೊಡೆಯನದು.

ಪಂಪಿನ ಡಬ್ಬದ ಮೇಲೆ ಗಂಟೆಗೆ 3000 ಲೀಟರ್ ಎಂದಿರುತ್ತದೆ. ಅದು ಚುನಾವಣಾ ಪ್ರಣಾಳಿಕೆ. ನೀರನ್ನು ಒಂದಿಂಚೂ ಮೇಲೆತ್ತದಿದ್ದರೆ ಮಾತ್ರ ಆ ಲೆಕ್ಕ ಸರಿ. ನಾಲ್ಕೈದು ಅಡಿ ಎತ್ತಿ, ಎರಡು ಎಲ್ಬೋ ತಿರುಗಿಸಿ, ಒಂದು ವಾಲ್ವ್ ದಾಟಿಸುವಷ್ಟರಲ್ಲಿ ಅರ್ಧ ಉಳಿದರೆ ಪುಣ್ಯ. ಈ ವಿಷಯದಲ್ಲಿ ನಮ್ಮ ಮಿತ್ರರು ಮಹಾ ಚುರುಕು. ಇಂಚಿಂಚಿಗೂ ಗ್ರಾಫ್ ಹಿಡಿದು ಕೂರುತ್ತಾರೆ. ಅದೇ ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ, ಸುಮಾರು 500 ಮೀಟರ್ ಮೇಲಕ್ಕೆತ್ತಿ ಈ ಊರಿಗೆ ತಂದದ್ದು ಮಾತ್ರ ಆ ಗ್ರಾಫಿನಲ್ಲಿಲ್ಲ. ಅವರ ಸೊನ್ನೆ ಶುರುವಾಗುವುದೇ ಸ್ಟ್ಯಾಂಡಿನ ಬುಡದಿಂದ.

ಇನ್ನು ಕರೆಂಟು ಹೋದಾಗಿನ ಲೆಕ್ಕ. ಪಂಪು ನಿಂತ ಕ್ಷಣ ನೀರು ಏರಿದ ಪೈಪಿನಲ್ಲೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. 120 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ನೀರೆಂದರೆ 5.4 ಲೀಟರ್. ಪೈಪಿನ ಬಾಯಿ ಹತ್ತು ಸೆಂಟಿಮೀಟರ್ ಮುಳುಗಿದ್ದರೆ 54 ಲೀಟರ್ ಕೆಳಗಿಳಿದೇ ನಿಲ್ಲುವುದು. ಸಂಪಿನಲ್ಲಿ ಜಾಗವಿಲ್ಲದಿದ್ದರೆ ಆ ನೀರು ಕೆಳಗಿನ ಮನೆಯವರ ಜಿಪ್ಸಮ್ ಸೀಲಿಂಗಿಗೆ. ಚೆಕ್ ವಾಲ್ವನ್ನು ನಂಬುವಂತಿಲ್ಲ, ಪಾಚಿ ಕಟ್ಟಿ ಬಾಯಿ ತೆರೆದುಕೊಂಡೇ ಇರುತ್ತದೆ. ಹಾಗಾಗಿ ಪೈಪಿನಲ್ಲಿ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಸಣ್ಣ ತೂತು: ಮಟ್ಟ ಇಳಿದೊಡನೆ ಗಾಳಿ ನುಗ್ಗಿ ಎಳೆತ ಕಡಿಯುತ್ತದೆ. ಆ ತೂತಿನಲ್ಲೂ ಬಸವನಹುಳು ಕೂತೀತೆಂದು ಸಂಪಿನಲ್ಲಿ ಅಷ್ಟು ಜಾಗ ಸದಾ ಖಾಲಿ. ಗೃಹಪ್ರವೇಶದ ಮುಹೂರ್ತಕ್ಕೂ ಇಷ್ಟು ಲೆಕ್ಕ ಹಾಕಿರಲಿಕ್ಕಿಲ್ಲ.

ಇಳಿಯುವ ಪೈಪುಗಳಲ್ಲಂತೂ ಘರಾಣೆಗಳೇ ಇವೆ. ಡರ್ಸೋ ಘರಾಣೆಯವರಿಗೆ ಒಂದೇ ಪೈಪು. ಹರ್ಬಿಯವರಿಗೆ ಎರಡು. ಬೀನ್ ಅನಿಮಲ್ ಪಂಥ ಕಟ್ಟಾ ಸಂಪ್ರದಾಯಸ್ಥರದು. ಮೂರಕ್ಕಿಂತ ಕಡಿಮೆ ಇದ್ದರೆ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಮೊದಲನೆಯದು ಪೂರ್ತಿ ತುಂಬಿ ಸದ್ದಿಲ್ಲದೆ ಹರಿಯಬೇಕು. ಅದಕ್ಕೊಂದು ಗೇಟ್ ವಾಲ್ವ್, ಕಾಲು ಸುತ್ತು ಆಚೆ, ಅರೆಕಾಲು ಸುತ್ತು ಈಚೆ. ಎರಡನೆಯದರಲ್ಲಿ ತೆಳ್ಳಗೆ ಜಿನುಗು. ಮೂರನೆಯದು ಖಾಲಿ. ಮೊದಲೆರಡೂ ಕಟ್ಟಿಕೊಂಡ ದಿನ ಅಷ್ಟೂ ನೀರನ್ನು ತಾನೊಂದೇ ಹೊತ್ತು ಇಳಿಸುವುದಕ್ಕೆಂದು ಅದು ವರ್ಷಗಟ್ಟಲೆ ಒಣಗಿ ನಿಂತಿರುತ್ತದೆ.

ಪ್ಲಂಬರಿಗೆ ಇದು ಅರ್ಥವಾಗುವುದಿಲ್ಲ. "ಸಾರ್, ಇದು ಸುಮ್ನೆ ವೇಸ್ಟು. ಇದಕ್ಕೂ ಒಂದು ಲೈನ್ ಕೊಟ್ಬಿಡ್ಲಾ?" ಎನ್ನುತ್ತಾನೆ. ನಮ್ಮ ಮಿತ್ರರು ಕಿಡಿಕಿಡಿ. ಖಾಲಿ ಇರುವುದೇ ಅದರ ಕೆಲಸ ಕಣಯ್ಯಾ, ಮುಟ್ಟಿದರೆ ಜೋಕೆ!

ಭಲೇ. ಇದೇ ಮಾತನ್ನು ಅವರು ಫ್ಲ್ಯಾಟು ಕೊಂಡ ದಿನ ಬಿಲ್ಡರಿಗೂ ಹೇಳಬಹುದಿತ್ತು. ಯಾಕೆಂದರೆ ಈ ಇಡೀ ಊರು ಒಂದು ಕಾಲಕ್ಕೆ ಇದೇ ಪ್ಲಂಬಿಂಗಿನ ಮೇಲೆ ನಿಂತಿತ್ತು, ಪಂಪೊಂದಿರಲಿಲ್ಲ ಅಷ್ಟೆ. ಕೆರೆಗೆ ಏರಿ, ಏರಿಗೆ ತೂಬು, ತೂಬು ತೆಗೆದು ಮುಚ್ಚಲು ನೀರುಗಂಟಿ. ಹೆಚ್ಚಾದ ನೀರಿಗೆ ಕೋಡಿ. ಕೋಡಿ ಬಿದ್ದ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ. ಬೆಳ್ಳಂದೂರಿನಿಂದ ವರ್ತೂರಿಗೆ, ವರ್ತೂರಿನಿಂದ ದಕ್ಷಿಣ ಪಿನಾಕಿನಿಗೆ. ಎಷ್ಟೋ ಕಾಲುವೆಗಳು ಮಳೆಗಾಲ ಬಿಟ್ಟರೆ ಬತ್ತಿಯೇ ಇರುತ್ತಿದ್ದವು. ಕಂದಾಯ ದಾಖಲೆಯಲ್ಲಿ ಬಿ-ಖರಾಬು, ಅಂದರೆ ಸಾಗುವಳಿಗೆ ಬಾರದ ಸಾರ್ವಜನಿಕ ಜಾಗ. ಆ ಖಾಲಿ ಜಾಗವನ್ನು ನೋಡಿದ ಊರು ಥೇಟ್ ಪ್ಲಂಬರನ ಹಾಗೆಯೇ ಯೋಚಿಸಿತು: ಸುಮ್ನೆ ವೇಸ್ಟು. ಎಲ್ಲೋ ಒಂದು ಕಡೆ ಮುಚ್ಚಿ ರಸ್ತೆ, ಇನ್ನೊಂದು ಕಡೆ ಕಾಂಪೌಂಡು, ಮತ್ತೊಂದು ಕಡೆ ಕ್ಲಬ್ ಹೌಸು. ಕ್ಲಬ್ ಹೌಸಿಗೆ ಮಾತ್ರ 'ಲೇಕ್ ವ್ಯೂ' ಎಂಬ ಹೆಸರು. ಸುಳ್ಳೇನಲ್ಲ, ಮಳೆ ಬಂದಾಗ ಕೆರೆಯೇ ನೋಡಲು ಬರುತ್ತದೆ.

2022ರ ಸೆಪ್ಟೆಂಬರಿನಲ್ಲಿ ಬಂದೂ ಬಂತು. ಹೊರವರ್ತುಲ ರಸ್ತೆ ಮುಳುಗಿತು, ವಿಲ್ಲಾಗಳಿಗೆ ದೋಣಿ ಹೋದವು, ಸಾಫ್ಟ್‌ವೇರ್ ಎಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಟಿವಿಯವರು ಇದನ್ನು ಪ್ರಕೃತಿ ವಿಕೋಪ ಎಂದರು. ತೊಟ್ಟಿಯ ನೀರು ಹಾಲಿಗೆ ಹರಿದರೆ ಮಾತ್ರ ಯಾವ ಅಕ್ವೇರಿಯಂ ಒಡೆಯನೂ ಪ್ರಕೃತಿಯನ್ನು ಬೈಯುವುದಿಲ್ಲ. ಪೈಪು ಕಟ್ಟಿಸಿದವನನ್ನು ಕರೆಸುತ್ತಾನೆ.

ಕಟ್ಟಿಸಿದವರನ್ನು ಕರೆಸುವ ಪ್ರಯತ್ನವೂ ನಡೆದಿದೆ ಅನ್ನಿ. ಕೆರೆಯಂಚಿನಿಂದ 75 ಮೀಟರ್ ಬಿಡಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿ, ನಗರದ ಮಾಸ್ಟರ್ ಪ್ಲಾನಿನ ಕಡಿಮೆ ಅಳತೆಗಳಿಗೇ ಮರಳಿಸಿತು. ಕಾನೂನಿನ ದೃಷ್ಟಿಯಲ್ಲಿ ಅದಕ್ಕೆ ಕಾರಣವಿತ್ತು. ನೀರು ಆ ತೀರ್ಪನ್ನು ಓದಿಲ್ಲ.

ಇಷ್ಟಾದರೂ ಅಕ್ವೇರಿಯಂ ಮಿತ್ರರ ಮೇಲೆ ನನಗೆ ಭಾರೀ ಭರವಸೆ. ಮುನ್ನೂರು ಲೀಟರಿಗೆ ಮೂರು ಪೈಪು ಇಡುವ ಬುದ್ಧಿ ಇರುವವರಿಗೆ, ಒಂದು ಬಡಾವಣೆಗೆ ಎಷ್ಟು ಬೇಕೆಂದು ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಒಂದೇ ಕೋರಿಕೆ. ಮುಂದಿನ ಸಲ ಸೈಟು ನೋಡಲು ಹೋಗುವ ಮುನ್ನ ಆ ಊರಿನ ಗ್ರಾಮ ನಕ್ಷೆ ತೆಗೆದು ನೋಡಿ. ಕೆರೆ, ಹಳ್ಳಗಳ ಗುರುತು ಅದರಲ್ಲಿದೆ. ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಒಂದು ಗೇಟ್ ವಾಲ್ವಿಗಿಂತ ಅಗ್ಗ.